ಬಾಲದಲ್ಲಿ ಸಾಕು, ತುದಿಯಲ್ಲಿ ಬೇಕು

ಮೊನ್ನೆ ಸಂಜೆ ನೀನು ಮಹಡಿಯಿಂದ ಇಳಿದು ಬಂದು, "ತಾತ, ಸ್ವಲ್ಪ ನೋಡಿ" ಅಂತ ಜಗಲಿಯ ಮೇಲೆ ಇಟ್ಟುಹೋದ ರಫ್ ಹಾಳೆಗಳನ್ನು ರಾತ್ರಿ ಊಟವಾದ ಮೇಲೆ ಒಂದೊಂದಾಗಿ ನೋಡಿದೆ. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್‌ಗೆ ಅಂತ ಮಾಡಿದ ತರ್ಕದ ಇಪ್ಪತ್ತನಾಲ್ಕು ಪ್ರಶ್ನೆಗಳಲ್ಲಿ ಒಂಬತ್ತು ತಪ್ಪು. ಅಂಕದ ವಿಷಯಕ್ಕೆ ನೀನು ಮುಖ ಸಪ್ಪಗೆ ಮಾಡಿಕೊಂಡಿದ್ದೆ. ನನ್ನ ಕಣ್ಣು ಮಾತ್ರ ಹಾಳೆಯ ಅಂಚಿನಲ್ಲಿ ನೀನು ಎಳೆದಿದ್ದ ಪುಟ್ಟ ಬಾಣಗಳ ಮೇಲೇ ಇತ್ತು. ಒಂಬತ್ತರಲ್ಲಿ ಏಳು ಕಡೆ ಒಂದೇ ತಪ್ಪು. ವಾಕ್ಯದಲ್ಲಿ ಯಾವ ಮಾತು ಮೊದಲು ಬಂತೋ ಅಲ್ಲಿಂದ ಬಾಣ ಹೊರಟಿದೆ, ಯಾವುದು ಆಮೇಲೆ ಬಂತೋ ಅಲ್ಲಿ ಹೋಗಿ ನಿಂತಿದೆ. ವಾಕ್ಯದ ಅರ್ಥ ಬಿಟ್ಟು ನೀನು ಓದಿದ ಕ್ರಮವನ್ನು ಎಳೆದಿದ್ದೀಯ, ಕಣಮ್ಮ.

ಇದೊಂದನ್ನು ತಿದ್ದಿಕೊಂಡರೆ ಏಳು ಅಂಕ ವಾಪಸ್ ಬರುತ್ತವೆ. ಒಂದೊಂದು ತಪ್ಪಿಗೂ ಕಾಲು ಅಂಕ ಕಳೆಯುತ್ತಾರಲ್ಲ, ಅದೂ ಉಳಿಯುತ್ತದೆ. ಆದ್ದರಿಂದ ಇವತ್ತು ಬೇರೆ ಯಾವುದನ್ನೂ ಹೇಳುವುದಿಲ್ಲ, ಬಾಣದ ವಿಷಯ ಮಾತ್ರ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ತರ್ಕಶಾಸ್ತ್ರ ಪಾಠ ಹೇಳಿದವನು ನಾನು. ಆ ಮೂವತ್ತು ವರ್ಷದಲ್ಲೂ ಜಾಣ ಮಕ್ಕಳು ಎಡವಿದ್ದು ಹೆಚ್ಚಾಗಿ ಈ ಒಂದೇ ಹೊಸ್ತಿಲಲ್ಲಿ.

ನಮ್ಮ ಭಾಷೆಯಲ್ಲಿ ಎರಡು ಸಣ್ಣ ಮಾತುಗಳಿವೆ: ಸಾಕು, ಬೇಕು. ಊಟದ ಎಲೆಯ ಮುಂದೆ ಕೂತಾಗಿನಿಂದ ನಿನಗೆ ಗೊತ್ತಿರುವ ಮಾತುಗಳು. ತರ್ಕದ ಪುಸ್ತಕಗಳಲ್ಲಿ ಇವಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ, ಅವು ನಿನಗೆ ಬೇಡ. ಬಾಣದ ಬಾಲದಲ್ಲಿ ಬರೆಯುವುದು 'ಸಾಕು', ತುದಿಯಲ್ಲಿ ಬರೆಯುವುದು 'ಬೇಕು'. ಬಾಲದಲ್ಲಿರುವುದು ನಡೆದಿದೆ ಅಂತ ಗೊತ್ತಾದರೆ ಸಾಕು, ತುದಿಯಲ್ಲಿರುವುದು ಖಂಡಿತ ಇದೆ ಅಂತ ಹೇಳಬಹುದು. ತುದಿಯಲ್ಲಿರುವುದು ಇರಲೇಬೇಕು, ಅದಿಲ್ಲದೆ ಬಾಲದಲ್ಲಿರುವುದು ಇರಲಾರದು.

ನಮ್ಮ ಮೈಸೂರಿನ ಅರಮನೆಯನ್ನೇ ತಗೋ. ಭಾನುವಾರ ಸಂಜೆಯಾದರೆ ಅರಮನೆಗೆ ದೀಪ ಹಾಕುತ್ತಾರೆ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಭಾನುವಾರ → ದೀಪ. ಇವತ್ತು ಭಾನುವಾರ ಅಂತ ಗೊತ್ತಾದರೆ ಸಾಕು, ಸಂಜೆ ದೀಪ ಇರುತ್ತದೆ ಅಂತ ನೆಂಟರನ್ನು ಕರೆದುಕೊಂಡು ಹೋಗಬಹುದು. ಇನ್ನು ತಿರುಗಿಸಿ ನೋಡು. ದೀಪ ಹತ್ತಿದೆ, ಹಾಗಾದರೆ ಇವತ್ತು ಭಾನುವಾರವೇ? ದಸರಾದ ದಿನಗಳಲ್ಲೆಲ್ಲ ಹತ್ತಿರುತ್ತದಲ್ಲ, ಸರ್ಕಾರಿ ರಜೆಯ ದಿನವೂ ಹತ್ತಿರುತ್ತದಲ್ಲ. ಇವತ್ತು ಭಾನುವಾರವಲ್ಲ, ಆದ್ದರಿಂದ ದೀಪ ಇಲ್ಲ ಎನ್ನಬಹುದೇ? ಅದೂ ಆಗದು, ಅದೇ ದಸರಾ ಅಡ್ಡ ಬರುತ್ತದೆ. ನಾಲ್ಕು ಮಾತುಗಳಲ್ಲಿ ಉಳಿಯುವುದು ಎರಡು: ಭಾನುವಾರವಾದರೆ ದೀಪ, ದೀಪವಿಲ್ಲದಿದ್ದರೆ ಭಾನುವಾರವಲ್ಲ. ಒಂದು ಬಾಣ ಎಳೆದ ಕೂಡಲೇ ಅದರ ಕೆಳಗೆ ಎರಡನೆಯದನ್ನೂ ಬರೆ. ತಿರುಗಿಸು, ಎರಡರ ಮೇಲೂ 'ಇಲ್ಲ' ಅಂತ ಅಡ್ಡಗೆರೆ ಹಾಕು. ಬರೀ ತಿರುಗಿಸಿದರೆ ತಪ್ಪು, ಬರೀ ಅಡ್ಡಗೆರೆ ಹಾಕಿದರೂ ತಪ್ಪು. ಎರಡನ್ನೂ ಒಟ್ಟಿಗೆ ಮಾಡಬೇಕು. ಪರೀಕ್ಷೆಯಲ್ಲಿ ನಾಲ್ಕು ಆಯ್ಕೆ ಕೊಡುತ್ತಾರಲ್ಲ, ಅದರಲ್ಲಿ ಎರಡು ಸಾಮಾನ್ಯವಾಗಿ ಈ ಅರೆಬರೆ ಮಾಡಿದವರಿಗಾಗಿಯೇ ಇಟ್ಟ ಬಲೆ.

ಇದು ಎಲ್ಲಿಂದಲೋ ಬಂದ ವಿದ್ಯೆ ಅಂತ ನೀನು ಅಂದುಕೊಂಡಿದ್ದರೆ ನಮ್ಮ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕ ಓದಿದವರನ್ನು ಒಮ್ಮೆ ಮಾತಾಡಿಸು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದುವ ಹುಡುಗರು ಮೊದಲು ಕಲಿಯುವ ಉದಾಹರಣೆಗಳಲ್ಲಿ ಬೆಟ್ಟದ ಮೇಲಿನ ಹೊಗೆಯದು ಒಂದು. ಬೆಟ್ಟದಲ್ಲಿ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯ ಹಾಗೆ. ಎಲ್ಲಿ ಬೆಂಕಿ ಇಲ್ಲವೋ ಅಲ್ಲಿ ಹೊಗೆಯೂ ಇಲ್ಲ, ಮಡುವಿನ ಹಾಗೆ. ಮೊದಲನೆಯದು ಅನ್ವಯ, ಎರಡನೆಯದು ವ್ಯತಿರೇಕ. ನಾನು ಈಗ ಹೇಳಿದ ತಿರುಗಿಸಿ ಅಡ್ಡಗೆರೆ ಹಾಕುವ ಕೆಲಸವೇ ವ್ಯತಿರೇಕ. ಹೊಗೆ ವ್ಯಾಪ್ಯ, ಬೆಂಕಿ ವ್ಯಾಪಕ, ಇವೆರಡರ ಬಿಡದ ನಂಟಿಗೆ ವ್ಯಾಪ್ತಿ ಅಂತ ಹೆಸರು. ಬಾಣ ವ್ಯಾಪ್ಯದಿಂದ ವ್ಯಾಪಕಕ್ಕೆ. ನಮ್ಮ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳ ರೂಪರೇಖೆ ಬರೆದ ಪುಸ್ತಕ 1932ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನ್ಯಾಯದರ್ಶನ ಅನುಮಾನದ ಬಗ್ಗೆ ಏನು ಹೇಳುತ್ತದೆ ಅಂತ ತಿಳಿಯಬೇಕಾದರೆ ಇವತ್ತಿಗೂ ನಾನು ಅದನ್ನೇ ತೆಗೆಯುತ್ತೇನೆ. ನಿನ್ನ ಅಕ್ಕ ಯುಜಿಸಿ ನೆಟ್ ಬರೆಯುತ್ತಾಳೆ ಅಂದಿದ್ದೆಯಲ್ಲ, ಅವಳ ಮೊದಲನೇ ಪತ್ರಿಕೆಯ ಪಠ್ಯದಲ್ಲೇ ವ್ಯಾಪ್ತಿ, ಹೇತ್ವಾಭಾಸ (ಕಾರಣದಂತೆ ಕಾಣುವ ಸುಳ್ಳು ಕಾರಣ) ಎಲ್ಲ ಇವೆ. ಅಕ್ಕತಂಗಿಯರಿಬ್ಬರೂ ಒಂದೇ ಹಾಳೆಯಲ್ಲಿ ಅಭ್ಯಾಸ ಮಾಡಬಹುದು.

ತರ್ಕ ಕಟ್ಟಿದ ಆ ಹಳಬರ ಜಾಣತನ ಇನ್ನೊಂದು ಕಡೆ ಕಾಣುತ್ತದೆ. ಬೆಂಕಿ ಇದ್ದ ಕಡೆಯಲ್ಲೆಲ್ಲ ಹೊಗೆ ಇರುತ್ತದೆಯೇ ಅಂತ ಅವರು ತಾವೇ ಕೇಳಿಕೊಂಡರು. ಇಲ್ಲ ಅನ್ನುವುದಕ್ಕೆ ಒಂದು ಉದಾಹರಣೆ ಇಟ್ಟರು: ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡು. ಬೆಂಕಿ ಇದೆ, ಹೊಗೆ ಇಲ್ಲ. ಬೆಂಕಿಯಿಂದ ಹೊಗೆ ಏಳಬೇಕಾದರೆ ಹಸಿ ಸೌದೆಯೂ ಸೇರಬೇಕು, ಆ ಹೆಚ್ಚಿನ ಷರತ್ತಿಗೆ ಉಪಾಧಿ ಅಂದರು. ಈಗ ನಿಮ್ಮ ಮನೆಯ ಅಡುಗೆಮನೆಗೆ ಹೋಗಿ ನೋಡು. ಅಮ್ಮ ಕಾಫಿಗೆ ಹಾಲಿಟ್ಟಿರುವ ಗ್ಯಾಸ್ ಒಲೆಯಲ್ಲಿ ನೀಲಿ ಜ್ವಾಲೆ ಉರಿಯುತ್ತಿದೆ, ಹೊಗೆಯ ಸುಳಿವಿಲ್ಲ. ಸೌದೆ ಒಲೆಯ ಕಾಲದಲ್ಲಿ ಅಡುಗೆಮನೆ ಹೊಗೆಗೂ ಬೆಂಕಿಗೂ ಇರುವ ನಂಟನ್ನು ತೋರಿಸುವ ಜಾಗವಾಗಿತ್ತು. ಇವತ್ತು ಅದೇ ಅಡುಗೆಮನೆ, ಬಾಣವನ್ನು ತಿರುಗಿಸಿದರೆ ಕೆಡುತ್ತದೆ ಅನ್ನುವುದಕ್ಕೆ ಸಾಕ್ಷಿ. ಯಾವ ಬಾಣದ ವಿಷಯದಲ್ಲಿ ಸಂದೇಹ ಬಂದರೂ ಆ ನೀಲಿ ಜ್ವಾಲೆಯನ್ನು ನೆನೆಸಿಕೋ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೆಂಕಿ ಮೊದಲು, ಹೊಗೆ ಆಮೇಲೆ. ಬೆಂಕಿ ಕಾರಣ, ಹೊಗೆ ಕಾರ್ಯ. ಆದರೂ ಬಾಣ ಹೊಗೆಯಿಂದ ಬೆಂಕಿಗೆ ಹೋಯಿತು. ಬಾಣ ಗಡಿಯಾರದ ಮುಳ್ಳಿನ ಹಾಗೆ ಕಾಲದ ಜೊತೆ ತಿರುಗುವುದಿಲ್ಲ. ಒಂದನ್ನು ತಿಳಿದರೆ ಇನ್ನೊಂದನ್ನು ಹೇಗೆ ತಿಳಿಯಬಹುದು ಅನ್ನುವ ದಾರಿಯನ್ನಷ್ಟೇ ಅದು ತೋರಿಸುತ್ತದೆ. ನಿನ್ನ ಹಾಳೆಯ ಹದಿನೇಳನೇ ಪ್ರಶ್ನೆಯಲ್ಲಿ ಹೀಗೇ ಆಗಿದೆ, ಯಾವುದು ಮೊದಲು ನಡೆಯಿತು ಅಂತ ನೋಡಿಕೊಂಡು ಬಾಣ ಎಳೆದಿದ್ದೀಯ.

ಈಗ ಭಾಷೆಗೆ ಬರೋಣ. ತಪ್ಪು ಹುಟ್ಟುವುದು ಅಲ್ಲಿ.

ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿದ್ದರೂ ನಿನ್ನ ತಲೆಯೊಳಗೆ ಓಡುವುದು ಕನ್ನಡ. ಕನ್ನಡದಲ್ಲಿ ಷರತ್ತು ಸಾಮಾನ್ಯವಾಗಿ ಮುಂದೆ ಕೂರುತ್ತದೆ. 'ಬಂದರೆ', 'ಹೋದರೆ', 'ಓದಿದರೆ' ಅಂತ ಕ್ರಿಯಾಪದದ ಬಾಲಕ್ಕೆ ಒಂದು 'ಅರೆ' ಅಂಟಿದರೆ ಷರತ್ತು ಸಿದ್ಧ. ವ್ಯಾಕರಣದಲ್ಲಿ ಇದಕ್ಕೆ ಪಕ್ಷಾರ್ಥಕ ಕೃದಂತಾವ್ಯಯ ಅಂತ ಹೆಸರು, ಹೈಸ್ಕೂಲಿನಲ್ಲಿ ಓದಿರುತ್ತೀಯ. ಮುಂದೆ ಬರುವ ಮಾತೇ ಬಾಲ, ಹಿಂದೆ ಬರುವುದೇ ತುದಿ ಅಂತ ನಮಗೆ ರೂಢಿಯಾಗಿಬಿಡುತ್ತದೆ. ಆ ರೂಢಿ ಎಲ್ಲಿ ಕೈಕೊಡುತ್ತದೆ ಅಂತ ತೋರಿಸುತ್ತೇನೆ. ನಿಮ್ಮಮ್ಮ ದಿನಾ ಬೆಳಿಗ್ಗೆ ಹೇಳುವ ಮಾತುಗಳನ್ನೇ ತಗೊಳ್ಳೋಣ.

"ಓದಿದರೆ ಪಾಸಾಗುತ್ತೀಯ." ಓದು → ಪಾಸು. ಓದುವುದು ಸಾಕು. ಇದು ಭರವಸೆ.

"ಪಾಸಾಗಬೇಕಾದರೆ ಓದಬೇಕು." ಪಾಸು → ಓದು. ಓದುವುದು ಬೇಕು. ಸಾಕೋ ಇಲ್ಲವೋ, ಅದನ್ನು ಅಮ್ಮ ಹೇಳಿಲ್ಲ. ಇದು ಎಚ್ಚರಿಕೆ.

ಒಂದೇ ಉಸಿರಿನಲ್ಲಿ ಎರಡನ್ನೂ ಹೇಳುತ್ತಾಳೆ, ನೀನೂ ಎರಡನ್ನೂ ಒಂದೇ ಅಂತ ಕೇಳಿಸಿಕೊಳ್ಳುತ್ತೀಯ. ಬಾಣಗಳು ಎದುರುಬದುರು ನಿಂತಿವೆ. ಮನೆಯಲ್ಲಿ ಇದರಿಂದ ಏನೂ ಕೆಡುವುದಿಲ್ಲ, ಪರೀಕ್ಷೆಯಲ್ಲಿ ಕೆಡುತ್ತದೆ.

ಇನ್ನು ಇದನ್ನು ನೋಡು: "ಓದಿದರೇ ಪಾಸಾಗುತ್ತೀಯ." ಮೊದಲನೇ ವಾಕ್ಯಕ್ಕೂ ಇದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಒಂದು ದೀರ್ಘ. 'ದರೆ' ಹೋಗಿ 'ದರೇ' ಆಯಿತು. ಆ ಒಂದು ದೀರ್ಘಕ್ಕೆ ಬಾಣ ತಲೆಕೆಳಗಾಯಿತು: ಪಾಸು → ಓದು. ಅವಧಾರಣೆಯ 'ಏ' ಅಷ್ಟು ಕೆಲಸ ಮಾಡುತ್ತದೆ. ನಾನು ಪಾಠ ಹೇಳುವಾಗ ಇದನ್ನು ಕರಿಹಲಗೆಯ ಮೇಲೆ ಬರೆದು, ಆ ದೀರ್ಘವನ್ನು ಕೆಂಪು ಸೀಮೆಸುಣ್ಣದಲ್ಲಿ ತಿದ್ದುತ್ತಿದ್ದೆ. ಒಂದು ಸಲ ಕಂಡವರು ಮರೆಯುತ್ತಿರಲಿಲ್ಲ. "ಓದಿದರೆ ಮಾತ್ರ ಪಾಸು", "ಓದಿದವರೇ ಪಾಸು", "ಓದದೆ ಪಾಸಾಗುವುದಿಲ್ಲ", "ಓದಿದ ಹೊರತು ಪಾಸಿಲ್ಲ" ಇವೆಲ್ಲ ಇದೇ ಜಾತಿ. 'ಮಾತ್ರ', 'ಏ', 'ಹೊರತು', 'ಇಲ್ಲದೆ' ಕಂಡ ಕಡೆ ಪೆನ್ನು ನಿಲ್ಲಿಸು. ಆ ಮಾತು ಯಾವುದಕ್ಕೆ ಅಂಟಿಕೊಂಡಿದೆಯೋ ಅದು 'ಬೇಕು', ಅದು ಬಾಣದ ತುದಿಗೆ ಹೋಗಬೇಕು.

"ಓದಿದರೂ ಪಾಸಾಗಲಿಲ್ಲ" ಅಂದರೆ? ಅಲ್ಲಿ ಬಾಣವೇ ಇಲ್ಲ. ಮೊದಲನೇ ಬಾಣವನ್ನು ಮುರಿದು ಹಾಕಿದ ಸಾಕ್ಷಿ ಅದು. ವಾದವೊಂದನ್ನು ದುರ್ಬಲಗೊಳಿಸುವ ಹೇಳಿಕೆ ಯಾವುದು ಅಂತ ಕೇಳುತ್ತಾರಲ್ಲ, ಆ ಪ್ರಶ್ನೆಯಲ್ಲಿ ನೀನು ಹುಡುಕಬೇಕಾದ್ದು ಈ 'ರೂ'. ಬಾಲ ಇದೆ, ತುದಿ ಇಲ್ಲ ಅನ್ನುವ ಒಂದೇ ಒಂದು ಸಂಗತಿ ಸಿಕ್ಕರೆ ಬಾಣ ಮುರಿಯಿತು.

ಇಂಗ್ಲಿಷಿನಲ್ಲಿ 'ಇಫ್' ಬಾಲ, 'ಓನ್ಲಿ ಇಫ್' ತುದಿ. ಅವು ವಾಕ್ಯದ ಮೊದಲಲ್ಲಿ ಬರಲಿ, ಕೊನೆಯಲ್ಲಿ ಬರಲಿ, ಇದು ಬದಲಾಗುವುದಿಲ್ಲ. 'ಅನ್‌ಲೆಸ್' ಕಂಡರೆ ಕಣ್ಣು ಮುಚ್ಚಿಕೊಂಡು 'ಇಲ್ಲದಿದ್ದರೆ' ಅಂತ ಓದು, ಅಡ್ಡಗೆರೆಯ ಜೊತೆಗೆ ಬಾಲ ಸಿಕ್ಕಿಬಿಡುತ್ತದೆ. ಕನ್ನಡದಲ್ಲೇ ಪರೀಕ್ಷೆ ಬರೆಯುವ ನಿನ್ನ ಗೆಳತಿಯರಿಗೂ ಒಂದು ಮಾತು ಹೇಳು. ಅನುವಾದದಲ್ಲಿ ಒಂದು 'ಮಾತ್ರ' ಬಿಟ್ಟುಹೋದರೆ ಬಾಣ ತಿರುಗಿಹೋಗುತ್ತದೆ. 2024ರ ಆಗಸ್ಟಿನಲ್ಲಿ ನಡೆದ ಗೆಜೆಟೆಡ್ ಪ್ರೊಬೇಷನರ್ಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದ ತಪ್ಪುಗಳಿಂದ ಎಷ್ಟು ಮಕ್ಕಳು ನೊಂದರು, ಅದೇ ಡಿಸೆಂಬರಿನಲ್ಲಿ ಮರುಪರೀಕ್ಷೆ ಬರೆಯಬೇಕಾಯಿತು. ಎರಡೂ ಭಾಷೆ ಅಚ್ಚಾಗಿರುವ ಕಡೆ ಷರತ್ತಿನ ವಾಕ್ಯಗಳನ್ನು ಎರಡರಲ್ಲೂ ಓದಿ ಬಾಣ ಎಳೆಯಲಿ. ಹತ್ತು ಸೆಕೆಂಡಿನ ಕೆಲಸ.

ಬಾಣ ತಿರುಗಿಸುವ ತಪ್ಪು ನಿನ್ನೊಬ್ಬಳದಲ್ಲ ಅನ್ನುವುದಕ್ಕೆ ಒಂದು ಕಥೆ ಹೇಳುತ್ತೇನೆ. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 1966ರಲ್ಲಿ ಒಂದು ಒಗಟನ್ನು ಮುಂದಿಟ್ಟ. ಮೇಜಿನ ಮೇಲೆ ನಾಲ್ಕು ಕಾರ್ಡು. ಕನ್ನಡದಲ್ಲಿ ಹೇಳುವುದಾದರೆ ಅ, ಕ, 4, 7. ಪ್ರತಿ ಕಾರ್ಡಿಗೂ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಅಂಕಿ. 'ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರುತ್ತದೆ' ಎಂಬ ಮಾತು ನಿಜವೋ ಅಲ್ಲವೋ ನೋಡಬೇಕು, ಯಾವ ಯಾವ ಕಾರ್ಡು ಮಗುಚುತ್ತೀಯ? ಓದಿದವರು, ಜಾಣರು ಹಲವರು 'ಅ' ಮತ್ತು '4' ಎಂದರು. ಸರಿಯಾದ ಉತ್ತರ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ. '4'ರ ಹಿಂದೆ ಏನಿದ್ದರೂ ನಿಯಮಕ್ಕೆ ಧಕ್ಕೆ ಇಲ್ಲ. ಮಗುಚಬೇಕಾದ್ದು 'ಅ' ಮತ್ತು '7'. '7'ರ ಹಿಂದೆ ಸ್ವರ ಸಿಕ್ಕರೆ ನಿಯಮ ಬಿತ್ತು. ಬಾಣ ಬರೆದು ನೋಡು: ಸ್ವರ → ಸಮ, ಸಮ ಅಲ್ಲ → ಸ್ವರ ಅಲ್ಲ. ಎರಡೂ ಬಾಣದ ಬಾಲಗಳೇ ನೀನು ಮಗುಚಬೇಕಾದ ಕಾರ್ಡುಗಳು.

ಇದೇ ಒಗಟನ್ನು ನಮ್ಮ ಸಿಟಿ ಬಸ್ಸಿಗೆ ಹತ್ತಿಸುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಶೂನ್ಯ ದರದ ಟಿಕೆಟ್ ಇದೆ. ಲಿಂಗತ್ವ ಅಲ್ಪಸಂಖ್ಯಾತರಿಗೂ ಇದೆ, ಲೆಕ್ಕ ಸುಲಭವಾಗಲಿ ಅಂತ ಅದನ್ನಿಲ್ಲಿ ಸೇರಿಸಿಲ್ಲ. ಚೆಕಿಂಗ್‌ನವರು ಹತ್ತಿದ್ದಾರೆ ಅಂದುಕೋ. ನೂಕುನುಗ್ಗಲಿನಲ್ಲಿ ಒಂದು ಕೈಯಲ್ಲಿ ಶೂನ್ಯ ಟಿಕೆಟ್ ಕಾಣುತ್ತಿದೆ, ಮುಖ ಕಾಣುತ್ತಿಲ್ಲ. ಇನ್ನೊಂದು ಕೈಯಲ್ಲಿ ದುಡ್ಡು ಕೊಟ್ಟು ತಗೊಂಡ ಟಿಕೆಟ್, ಆ ಮುಖವೂ ಕಾಣುತ್ತಿಲ್ಲ. ಆಚೆ ಕಿಟಕಿಯ ಪಕ್ಕ ಒಬ್ಬ ಗಂಡಸು, ಟಿಕೆಟ್ ಜೇಬಿನಲ್ಲಿದೆ. ಅವನ ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು, ಟಿಕೆಟ್ ಪರ್ಸಿನಲ್ಲಿದೆ. ಶೂನ್ಯ ಟಿಕೆಟ್ಟನ್ನು ಯಾರಾದರೂ ದುರುಪಯೋಗ ಮಾಡಿಕೊಂಡಿದ್ದಾರೆಯೇ ಅಂತ ನೋಡಲು ಯಾರನ್ನು ಕೇಳಬೇಕು?

ನೀನು ಯೋಚಿಸುವುದೂ ಬೇಕಿಲ್ಲ. ಶೂನ್ಯ ಟಿಕೆಟ್ ಹಿಡಿದ ಕೈಯ ಮುಖ ನೋಡಬೇಕು, ಆ ಗಂಡಸಿನ ಜೇಬು ನೋಡಬೇಕು. ಹೆಂಗಸಿನ ಪರ್ಸಿನಲ್ಲಿ ಯಾವ ಟಿಕೆಟ್ ಇದ್ದರೂ ತಕರಾರಿಲ್ಲ. ದುಡ್ಡು ಕೊಟ್ಟ ಟಿಕೆಟ್ ಯಾರ ಕೈಯಲ್ಲಿದ್ದರೂ ತಕರಾರಿಲ್ಲ. ಶೂನ್ಯ ಟಿಕೆಟ್ → ಹೆಣ್ಣು. ಹೆಣ್ಣಲ್ಲ → ಶೂನ್ಯ ಟಿಕೆಟ್ ಇಲ್ಲ. ಇದು ವೇಸನ್ನನ ನಾಲ್ಕು ಕಾರ್ಡುಗಳೇ ಹೌದು. 1982ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇಬ್ಬರು ಸಂಶೋಧಕರು ಅಕ್ಷರ ಅಂಕಿ ಬಿಟ್ಟು, ಬಿಯರ್ ಕುಡಿಯುವವರ ವಯಸ್ಸಿನ ಮೇಲೆ ಇದೇ ಒಗಟು ಕೊಟ್ಟಾಗ ಹೆಚ್ಚಿನ ವಿದ್ಯಾರ್ಥಿಗಳು ಸರಿಯಾಗಿ ಹೇಳಿದರು. ಆದ್ದರಿಂದ ಪರೀಕ್ಷೆಯಲ್ಲಿ ಅಕ್ಷರಗಳ ಒಣ ನಿಯಮ ಬಂದು ತಲೆ ಕೆಟ್ಟರೆ ಅದನ್ನು ಬಸ್ಸಿಗೆ ಹತ್ತಿಸು. ಮೋಸ ಎಲ್ಲಿ ನಡೆಯಬಹುದು ಅಂತ ಕೇಳಿಕೋ, ಬಾಣ ತಾನಾಗಿ ನೆಟ್ಟಗಾಗುತ್ತದೆ.

ಈಗ ನಿನ್ನ ಹಾಳೆಯಲ್ಲಿದ್ದಂಥದೇ ಒಂದು ಪ್ರಶ್ನೆಯನ್ನು ಬಿಡಿಸೋಣ. ಹುಡುಗಿಯೊಬ್ಬಳು ಗ್ರಂಥಾಲಯಕ್ಕೆ ಹೋದರೆ ಸೈಕಲ್ಲಿನಲ್ಲೇ ಹೋಗುತ್ತಾಳೆ. ಸೈಕಲ್ ತೆಗೆದ ದಿನ ಮಾತ್ರ ದಾರಿಯಲ್ಲಿ ಹಾಲು ತರುತ್ತಾಳೆ. ಮಳೆ ಬಂದರೆ ಸೈಕಲ್ ಮುಟ್ಟುವುದಿಲ್ಲ. ಖಂಡಿತವಾಗಿ ನಿಜವಾದದ್ದು ಯಾವುದು? ಒಂದು, ಗ್ರಂಥಾಲಯಕ್ಕೆ ಹೋದ ದಿನ ಹಾಲು ತರುತ್ತಾಳೆ. ಎರಡು, ಮಳೆ ಬಾರದ ದಿನ ಗ್ರಂಥಾಲಯಕ್ಕೆ ಹೋಗುತ್ತಾಳೆ. ಮೂರು, ಹಾಲು ತಂದ ದಿನ ಮಳೆ ಇರಲಿಲ್ಲ. ನಾಲ್ಕು, ಸೈಕಲ್ ತೆಗೆದ ದಿನ ಗ್ರಂಥಾಲಯಕ್ಕೆ ಹೋಗಿರುತ್ತಾಳೆ.

ಆಯ್ಕೆಗಳ ಮೇಲೆ ಅಂಗೈ ಇಡು. ಇದು ಮುಖ್ಯ, ಆಯ್ಕೆ ಓದಿದ ಮೇಲೆ ಎಳೆದ ಬಾಣಕ್ಕೆ ಆ ಆಯ್ಕೆಯ ಬಣ್ಣ ಅಂಟಿಕೊಂಡಿರುತ್ತದೆ. ಮೊದಲನೇ ವಾಕ್ಯ: ಗ್ರಂ → ಸೈ. ಎರಡನೇದರಲ್ಲಿ 'ಮಾತ್ರ' ಇದೆ, ಅದು ಸೈಕಲ್ಲಿಗೆ ಅಂಟಿದೆ, ಸೈಕಲ್ ತುದಿಗೆ: ಹಾ → ಸೈ. ಮೂರನೇದು: ಮಳೆ → ಸೈ ಇಲ್ಲ. ಇದನ್ನು ತಿರುಗಿಸಿ ಅಡ್ಡಗೆರೆ ಹಾಕು: ಸೈ → ಮಳೆ ಇಲ್ಲ. ಈಗ ಮೂರನ್ನೂ ಕಟ್ಟು. ಗ್ರಂ → ಸೈ → ಮಳೆ ಇಲ್ಲ. ಹಾ → ಸೈ → ಮಳೆ ಇಲ್ಲ. ಎರಡು ದಾರಿ ಬಂದು ಸೈಕಲ್ಲಿನಲ್ಲಿ ಕೂಡುತ್ತವೆ, ಮುಂದಕ್ಕೆ ಒಂದೇ ದಾರಿ. ಅಂಗೈ ತೆಗೆ. ಮೂರನೇ ಆಯ್ಕೆ ಬಾಣದ ಹಾದಿಯಲ್ಲೇ ಇದೆ. ಒಂದನೇದು ಗ್ರಂಥಾಲಯದಿಂದ ಸೈಕಲ್ಲಿಗೆ ಬಂದು, ಅಲ್ಲಿಂದ ಹಾಲಿಗೆ ಹಿಂದಕ್ಕೆ ನಡೆದಿದೆ. ಎರಡನೇದೂ ನಾಲ್ಕನೇದೂ ಬಾಣದ ಎದುರಿಗೆ ನಡೆದಿವೆ. ನೀನು ಇಂಥ ಪ್ರಶ್ನೆಗೆ ಒಂದನೇದನ್ನು ಹಾಕಿದ್ದೀಯ. ಎರಡು ಬಾಣ ಒಂದೇ ಕಡೆ ಬಂದು ನಿಂತರೆ ಅವೆರಡಕ್ಕೂ ನಂಟಿದೆ ಅಂತ ಅನ್ನಿಸುವುದು ಸಹಜ. ಮೈಸೂರು ಸ್ಟೇಷನ್ನಿಗೆ ಅರಸೀಕೆರೆಯಿಂದಲೂ ರೈಲು ಬರುತ್ತದೆ, ಚಾಮರಾಜನಗರದಿಂದಲೂ ಬರುತ್ತದೆ. ಹಾಗಂತ ಅರಸೀಕೆರೆಯ ರೈಲಿನಲ್ಲಿ ಬಂದವನು ಚಾಮರಾಜನಗರ ನೋಡಿರಬೇಕೇನು?

'ಮತ್ತು', 'ಅಥವಾ' ಇರುವ ಕಡೆ ಅಡ್ಡಗೆರೆ ಹಾಕಿದರೆ ಒಂದು ಇನ್ನೊಂದಾಗುತ್ತದೆ. ಅಂಕ ಮತ್ತು ದಾಖಲೆ ಎರಡೂ ಇದ್ದರೆ ಸೀಟು ಅಂದರೆ, ಸೀಟು ಸಿಗಲಿಲ್ಲ ಅಂದ ಮೇಲೆ ಎರಡರಲ್ಲಿ ಒಂದಾದರೂ ಇರಲಿಲ್ಲ. ಈ ನಿಯಮಕ್ಕೆ ಹೆಸರು ಕೊಟ್ಟ ಡಿ ಮಾರ್ಗನ್ ಹುಟ್ಟಿದ್ದು ಇಲ್ಲೇ ನಮ್ಮ ಪಕ್ಕದ ರಾಜ್ಯದ ಮಧುರೆಯಲ್ಲಿ, 1806ರಲ್ಲಿ. 'ಕೆಲವರು' ಬಂದ ಕಡೆ ಬಾಣ ಬೇಡ, ಅಲ್ಲಿ ವೃತ್ತಗಳನ್ನು ಬರೆ.

ಎಲ್ಲ ಪ್ರಶ್ನೆಗೂ ಬಾಣ ಎಳೆಯುತ್ತಾ ಕೂರಬೇಡ. ನಿನ್ನ ಕ್ಲ್ಯಾಟ್‌ನಲ್ಲಿ 120 ನಿಮಿಷಕ್ಕೆ 120 ಪ್ರಶ್ನೆ, ಓದುವುದಕ್ಕೇ ಸಮಯ ಸಾಲದು. 2020ರಿಂದ ಈಚೆಗೆ ಅಲ್ಲಿ ಉದ್ದುದ್ದ ಗದ್ಯಭಾಗ ಕೊಟ್ಟು ವಾದವನ್ನು ಅಳೆಯುವ ಪ್ರಶ್ನೆಗಳೇ ಹೆಚ್ಚು. ಒಂದು ಭಾಗದಲ್ಲಿ 'ಇಫ್', 'ಓನ್ಲಿ ಇಫ್', 'ಅನ್‌ಲೆಸ್' ಮೂರಕ್ಕಿಂತ ಹೆಚ್ಚು ಸಲ ಬಂದರೆ ಅಂಚಿನಲ್ಲಿ ಬಾಣ ಹಾಕು, ಉಳಿದ ಕಡೆ ಮನಸ್ಸಿನಲ್ಲೇ ಸಾಕು. ಆದರೆ ಅಭ್ಯಾಸದ ದಿನಗಳಲ್ಲಿ ಎಲ್ಲದಕ್ಕೂ ಎಳೆಯಬೇಕು. ಕೈಯಲ್ಲಿ ನೂರು ಸಲ ಎಳೆದ ಬಾಣ ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತದೆ.

ಬೆಳಿಗ್ಗೆ ಹಾಲು ತರಲು ನಾನು ನಮ್ಮ ಯಾದವಗಿರಿಯ ಆಕಾಶವಾಣಿಯ ಮುಂದೆ ಹಾಯುವಾಗಲೆಲ್ಲ ಎಂ. ವಿ. ಗೋಪಾಲಸ್ವಾಮಿಯವರ ನೆನಪಾಗುತ್ತದೆ. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ನಡೆಸಿದವರು ಅಂತ ಎಲ್ಲರಿಗೂ ಗೊತ್ತು. ಅವರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು, ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಓದಿ ಬಂದವರು, 1924ರಲ್ಲಿ ಇಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು. ಪರದೇಶದ ಬುದ್ಧಿ ಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಒಗ್ಗುವ ಹಾಗೆ ಮಾರ್ಪಡಿಸಲು ದುಡಿದವರು. ಪರೀಕ್ಷೆಯ ಪ್ರಶ್ನೆ ಮಗುವಿನ ಊರಿನಿಂದ, ಮಗುವಿನ ಮಾತಿನಿಂದ ಬರಬೇಕು ಅಂತ ಇಲ್ಲಿ ನೂರು ವರ್ಷದ ಹಿಂದೆಯೇ ಯೋಚಿಸಿದವರಿದ್ದರು. ನಾನು ನಿನಗೆ ಅರಮನೆ, ಬಸ್ಸು, ಗ್ಯಾಸ್ ಒಲೆ ಅಂತ ಹೇಳುತ್ತಿರುವುದೂ ಅದಕ್ಕೇ.

ಇನ್ನೊಂದು ವಿಷಯ ಹೇಳಬೇಕು. ಇದನ್ನು ಹೆಚ್ಚು ಜನಕ್ಕೆ ಹೇಳಿದವನಲ್ಲ.

ಬಹಳ ವರ್ಷದ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಒಂದು ಕಾಲೇಜಿನಲ್ಲಿ ಶುಲ್ಕ ವಿನಾಯಿತಿಯ ಅರ್ಜಿಗಳನ್ನು ನೋಡುವ ಜವಾಬ್ದಾರಿ ನನಗೆ ಬಂದಿತ್ತು. ಸುತ್ತೋಲೆಯಲ್ಲಿ 'ಇಂಥ ಪ್ರಮಾಣಪತ್ರ ತಂದ ವಿದ್ಯಾರ್ಥಿಗಳಿಗೆ ವಿನಾಯಿತಿ ಕೊಡತಕ್ಕದ್ದು' ಅಂತ ಇತ್ತು. ಪಿರಿಯಾಪಟ್ಟಣದ ಕಡೆಯ ಒಬ್ಬ ಹುಡುಗ ಬಂದ. ತಂದೆ ಇಲ್ಲ, ತಾಯಿ ಕೂಲಿಗೆ ಹೋಗುತ್ತಾಳೆ, ಪ್ರಮಾಣಪತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಪತ್ರ ಇಲ್ಲ ಅಂದ ಮೇಲೆ ವಿನಾಯಿತಿ ಇಲ್ಲಪ್ಪ ಅಂದೆ. ಅವನು ವಾದಿಸಲಿಲ್ಲ, ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು ಹೋದ. ಆ ಸುತ್ತೋಲೆಯಲ್ಲಿ 'ತಂದವರಿಗೆ ಮಾತ್ರ' ಅಂತ ಇರಲಿಲ್ಲ. ಪತ್ರ → ವಿನಾಯಿತಿ, ಅಷ್ಟೇ. ಪತ್ರ ಇಲ್ಲದವರ ಬಗ್ಗೆ ಆ ವಾಕ್ಯ ಏನನ್ನೂ ಹೇಳಿರಲಿಲ್ಲ. ಮುಂದಿನ ಪುಟದಲ್ಲಿ, ವಿಚಾರಣೆ ಮಾಡಿ ಪ್ರಾಂಶುಪಾಲರು ವಿನಾಯಿತಿ ಕೊಡಬಹುದು ಅಂತ ಇನ್ನೊಂದು ದಾರಿ ಇತ್ತು. ಆ ಪುಟವನ್ನು ನಾನು ಓದಿದ್ದು ದಾಖಲಾತಿ ಮುಗಿದ ಮೇಲೆ. ಹುಡುಗ ಮತ್ತೆ ಬರಲಿಲ್ಲ, ವಿಳಾಸ ಹಿಡಿದು ಬರೆದ ಕಾಗದಕ್ಕೂ ಉತ್ತರ ಬರಲಿಲ್ಲ. ಅದೇ ವಾರ ನಾನು ತರಗತಿಯಲ್ಲಿ ಹೇಳುತ್ತಿದ್ದ ಪಾಠ ಯಾವುದು ಗೊತ್ತೇ? ಬಾಲಕ್ಕೆ ಅಡ್ಡಗೆರೆ ಹಾಕಿದ ಮಾತ್ರಕ್ಕೆ ತುದಿಗೆ ಅಡ್ಡಗೆರೆ ಹಾಕಬಾರದು ಅನ್ನುವುದು.

ನೀನು ನಾಳೆ ವಕೀಲೆಯಾಗುವವಳು, ಆದ್ದರಿಂದ ಇದನ್ನು ಹೇಳಿದೆ. ಕಾನೂನಿನ ಪುಸ್ತಕದ ತುಂಬ ಇಂಥವೇ ವಾಕ್ಯಗಳು. ಮತ ಹಾಕಬೇಕಾದರೆ 18 ತುಂಬಿರಬೇಕು. 18 ತುಂಬಿದ್ದು ಸಾಕೇ? ಪಟ್ಟಿಯಲ್ಲಿ ಹೆಸರೂ ಇರಬೇಕು. ಒಂದು ಕಲಮಿನಲ್ಲಿ 'ಸಾಕು' ಎಂದು ಇರುವುದನ್ನು 'ಬೇಕು' ಅಂತ ಓದಿದರೆ ಎದುರಿಗೆ ನಿಂತ ಮನುಷ್ಯನ ಹಕ್ಕು ಹೋಗುತ್ತದೆ.

ಗಾದೆಗಳ ವಿಷಯದಲ್ಲೂ ಎಚ್ಚರ ಇರಲಿ. ಕೈ ಕೆಸರಾದರೆ ಬಾಯಿ ಮೊಸರು ಅಂತೀವಿ. ಒಳ್ಳೆಯ ಮಾತು, ದುಡಿಯಲು ಹುರಿದುಂಬಿಸುವ ಮಾತು. ಅದನ್ನು ತಿರುಗಿಸಿ ಅಡ್ಡಗೆರೆ ಹಾಕಿ ನೋಡು: ಬಾಯಿ ಮೊಸರಾಗದವನ ಕೈ ಕೆಸರಾಗಿಲ್ಲ. ವರುಣಾ ನಾಲೆಯ ಗದ್ದೆಗಳಲ್ಲಿ ಮೊಣಕಾಲುದ್ದ ಕೆಸರಲ್ಲಿ ನಿಂತು ನಾಟಿ ಹಾಕುವ ಹೆಂಗಸರ ಮುಂದೆ ಹೋಗಿ ಈ ಮಾತು ಹೇಳಲು ಯಾರಿಗೆ ಬಾಯಿ ಬರುತ್ತದೆ? ತಿರುಗಿಸಿದ್ದರಲ್ಲಿ ತಪ್ಪಿಲ್ಲ, ಲೆಕ್ಕ ಸರಿಯಾಗೇ ಇದೆ. ಮೊದಲ ಬಾಣವೇ ಎಲ್ಲ ಕಡೆ ನಿಲ್ಲುವಂಥದ್ದಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುವುದನ್ನು ತಿರುಗಿಸಿ ಅಡ್ಡಗೆರೆ ಹಾಕಿದರೆ ಕಾಯಿಲೆ ಬಿದ್ದವರನ್ನೆಲ್ಲ ದೂರಿದಂತಾಗುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಕೊಟ್ಟ ಬಾಣವನ್ನು ಪ್ರಶ್ನಿಸದೆ ಒಪ್ಪಿಕೋ, ಅಲ್ಲಿ ಅದೇ ಆಟದ ನಿಯಮ. ಹೊರಗೆ ಬಂದ ಮೇಲೆ ಯಾರೇ ಬಾಣ ಕೊಟ್ಟರೂ ತಿರುಗಿಸಿ ಅಡ್ಡಗೆರೆ ಹಾಕು, ಆಗ ಬರುವ ಮಾತನ್ನು ಬಾಯಿಬಿಟ್ಟು ಹೇಳಲು ಮನಸ್ಸು ಒಪ್ಪದಿದ್ದರೆ ಮೊದಲಿನದನ್ನೂ ಒಪ್ಪಬೇಡ.

ಪರೀಕ್ಷೆ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ದಿನಕ್ಕೆ ಹತ್ತು ವಾಕ್ಯ ಸಾಕು. ಪತ್ರಿಕೆಯಿಂದ ಆರಿಸಿಕೋ, ಅಂಗಡಿಯ ಬೋರ್ಡಿನಿಂದ ಆರಿಸಿಕೋ, ಅಮ್ಮನ ಬೈಗುಳದಿಂದಲೂ ಆಗಬಹುದು. ಪ್ರತಿಯೊಂದಕ್ಕೂ ಒಂದು ಬಾಣ, ಅದರ ಕೆಳಗೆ ತಿರುಗಿಸಿ ಅಡ್ಡಗೆರೆ ಹಾಕಿದ ಇನ್ನೊಂದು. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿಕೊಂಡು ಹಾಳೆಗಳನ್ನು ತೆಗೆದುಕೊಂಡು ಜಗಲಿಗೆ ಬಾ. ಸರಿಯಾದವನ್ನು ನಾನು ನೋಡುವುದಿಲ್ಲ, ತಪ್ಪಾದ ಬಾಣಗಳನ್ನು ಹರಿದು ಹಾಕದೆ ಹಾಗೇ ತಾ.